ಒಂದು ತೂಬು, ಹಲವು ಗದ್ದೆ

ಬುಧವಾರ, ಹುಣಸೂರು

ನವೆಂಬರ್ ಕೊನೆಯ ವಾರದಲ್ಲಿ ಹುಣಸೂರು ಸೀಮೆಯ ಹಳ್ಳಿಗಳನ್ನು ಹಾದುಹೋಗುವವರಿಗೆ ಊರಿಗಿಂತ ಮೊದಲು ಎದುರಾಗುವುದು ಹೊಗೆಸೊಪ್ಪಿನ ವಾಸನೆ. ಬೇಯಿಸಿ ಮುಗಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರ್ಪಡಿಸಿ, ಬೇಲು ಕಟ್ಟಿ, ಕಟ್ಟೆಮಳಲವಾಡಿ ಅಥವಾ ಚಿಲ್ಕುಂದದ ಹರಾಜು ಮಾರುಕಟ್ಟೆಗೆ ಸಾಗಿಸುವ ಕಾಲವಿದು. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ರಾಸಾಯನಿಕವನ್ನು ಬಿಟ್ಟು ಬೇಸಾಯ ಮಾಡಲು ಹೊರಟವರ ಹೊಲಗದ್ದೆಗಳನ್ನು ನೋಡುತ್ತ ಸಾಗಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಸಂಗಡ ಬಂದ ಗೆಳೆಯರು ಕೃಷಿ ಇಲಾಖೆಯಿಂದ ನಿವೃತ್ತರಾದವರು. ಬಿಟ್ಟವರನ್ನು ನೋಡುವ ಮೊದಲು ಬಿಡಲಾರದವರನ್ನು ನೋಡೋಣವೆಂದು ಪಟ್ಟುಹಿಡಿದು ಇಲ್ಲಿಂದಲೇ ಹೊರಡಿಸಿದರು.

ವರ್ಜೀನಿಯಾ ತಂಬಾಕಿನ ಎಲೆಯನ್ನು ಹದಗೊಳಿಸುವ ಎತ್ತರದ ಕೋಣೆಗೆ ಇಲ್ಲಿನವರು ಬ್ಯಾರನ್ ಎನ್ನುತ್ತಾರೆ. ಹೊರಗೆ ಒಲೆ, ಒಳಗೆ ನೆಲದುದ್ದಕ್ಕೂ ಬಿಸಿಗಾಳಿ ಹರಿಯುವ ತಗಡಿನ ಕೊಳವೆ, ಮೇಲೆ ಕೋಲುಗಳಿಗೆ ಪೋಣಿಸಿ ಸಾಲುಸಾಲಾಗಿ ನೇತುಹಾಕಿದ ಹಸಿ ಸೊಪ್ಪು. ಐದಾರು ದಿನ ಹಗಲಿರುಳೂ ಬೆಂಕಿ ಆರದಂತೆ ಯಾರಾದರೊಬ್ಬರು ಕಾಯಬೇಕು. ಒಂದು ಕಿಲೋ ಒಣಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ ಎಂಬುದು ಸಾಮಾನ್ಯ ಅಂದಾಜು. ಮಣ್ಣಿಗೆ ಬೀಳುವ ಗೊಬ್ಬರ, ಔಷಧಿಗಳ ಲೆಕ್ಕ ಹಾಕುವ ಮೊದಲೇ ಈ ಬೆಳೆ ಮರಗಳ ಸಾಲದಲ್ಲಿ ನಿಂತಿರುತ್ತದೆ.

ಆದರೂ ಅದು ಏಕೆ ನಿಂತಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯು ಬೆಳೆಗಾರನಿಗೂ ಬ್ಯಾರನ್ನಿಗೂ ಪರವಾನಗಿ ಕೊಡುತ್ತದೆ, ಎಷ್ಟು ಬೆಳೆಯಬಹುದೆಂದು ನಿಗದಿಪಡಿಸುತ್ತದೆ, ಬ್ಯಾಂಕ್ ಸಾಲದೊಂದಿಗೆ ಗೊಬ್ಬರವನ್ನು ಹೊಂದಿಸಿಕೊಡುತ್ತದೆ, ಕೊನೆಗೆ ತನ್ನದೇ ಹರಾಜು ಕಟ್ಟೆಯಲ್ಲಿ ಮಾರಿಸುತ್ತದೆ. ಬೆಲೆ ಬಿದ್ದ ವರ್ಷ ರೈತರು ರಸ್ತೆಗಿಳಿಯುವುದುಂಟು; ಆದರೆ ನಾಟಿಗೆ ಮೊದಲೇ ಸಾಲ, ಗೊಬ್ಬರ, ಮಾರುವ ಜಾಗ ಮೂರೂ ಗೊತ್ತಿರುವ ಮಳೆಯಾಶ್ರಿತ ಬೆಳೆ ಈ ಸೀಮೆಯಲ್ಲಿ ಇನ್ನೊಂದನ್ನು ನಾವು ಕಾಣಲಿಲ್ಲ. ಭಾರತವು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು 2004ರಲ್ಲಿ ಅನುಮೋದಿಸಿದಂದಿನಿಂದ ಪರ್ಯಾಯ ಬೆಳೆಯ ಮಾತು ನಡೆದೇ ಇದೆ. ಆ ಮಾತೆತ್ತಿದಾಗ, ಬ್ಯಾರನ್ ಮುಂದೆ ಕೂತು ಸೊಪ್ಪು ಆರಿಸುತ್ತಿದ್ದ ಹಿರಿಯರೊಬ್ಬರು ತಲೆಯೆತ್ತದೆಯೇ ಉತ್ತರಿಸಿದರು: "ಸೊಪ್ಪು ಬಿಡಿ ಅಂತೀರಿ ಸ್ವಾಮಿ. ಬಿಟ್ಟು ಶುಂಠಿ ಹಾಕ್ದೋರ ಹೊಲ ಒಂದ್ಸಲ ನೋಡ್ಕಂಡ್ ಬನ್ನಿ."

ನೋಡಿಕೊಂಡು ಬಂದೆವು. ಗುತ್ತಿಗೆಗೆ ಕೊಟ್ಟ ಹೊಲದಲ್ಲಿ ಏರು ಮಡಿಗಳ ಗುರುತಷ್ಟೇ ಉಳಿದಿತ್ತು. ಶುಂಠಿಗೆ ಕೊಳೆರೋಗ ಬಾರದಂತೆ ಮಣ್ಣಿಗೇ ಔಷಧಿ ಸುರಿಯುತ್ತಾರೆ. ಒಮ್ಮೆ ಬೆಳೆದ ಜಾಗದಲ್ಲಿ ಮರುವರ್ಷ ಶುಂಠಿ ಹಾಕಲು ಗುತ್ತಿಗೆದಾರ ತಾನೇ ಒಪ್ಪುವುದಿಲ್ಲ, ಬೇರೆ ಹೊಲ ಹುಡುಕುತ್ತಾನೆ. ಒಂದು ಬೆಳೆಯನ್ನು ಬಿಡಿಸಿದ ಮಾತ್ರಕ್ಕೆ ರೈತ ಮಣ್ಣಿಗೆ ಹಿತವಾದ ಇನ್ನೊಂದರ ಕಡೆಗೆ ಹೊರಳುತ್ತಾನೆಂದು ನಂಬುವವರು ಈ ಮಡಿಗಳ ಮೇಲೆ ಒಮ್ಮೆ ನಡೆದುಬರಬೇಕು.

ಗುರುವಾರ, ಮೈಸೂರು

ಈ ದಿನದ ಬಹುಭಾಗ ನಗರದಂಚಿನ ನಾಗನಹಳ್ಳಿಯಲ್ಲಿರುವ ಸಾವಯವ ಕೃಷಿ ಸಂಶೋಧನಾ ಕೇಂದ್ರದ ತಾಕುಗಳ ನಡುವೆಯೂ, ಉಳಿದದ್ದು ಗೆಳೆಯರೊಂದಿಗಿನ ವಾದದಲ್ಲಿಯೂ ಕಳೆಯಿತು. ವಾದದ ವಿಷಯ ಜೀವಾಮೃತ. 2002ರ ಸುಮಾರಿನಿಂದ ರಾಜ್ಯ ರೈತ ಸಂಘದ ಶಿಬಿರಗಳ ಮೂಲಕ ಸುಭಾಷ್ ಪಾಳೇಕರರ ಶೂನ್ಯ ಬಂಡವಾಳ ಕೃಷಿಯು ಈ ಭಾಗದಲ್ಲಿ ಬೇರೂರಿದಾಗ, ಅದರ ಸೂತ್ರವನ್ನು ಹಳ್ಳಿಹಳ್ಳಿಯಲ್ಲೂ ಜನ ಬಾಯಿಪಾಠ ಮಾಡಿಕೊಂಡರು: 200 ಲೀಟರ್ ನೀರು, ನಾಟಿ ಹಸುವಿನ 10 ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ತಲಾ ಎರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಆಗಾಗ ತಿರುವುತ್ತ 48 ಗಂಟೆ ಹುದುಗಿಸಿದರೆ ಒಂದೆಕರೆಗೆ ಸಾಕು.

ಗೆಳೆಯರ ಆಕ್ಷೇಪ ಲೆಕ್ಕದ್ದು. ಎಕರೆಗೆ 25 ಕ್ವಿಂಟಾಲ್ ಭತ್ತ ಬೆಳೆದರೆ ಪೈರು ಮಣ್ಣಿನಿಂದ ಎಳೆದುಕೊಳ್ಳುವ ಸಾರಜನಕ ಸುಮಾರು 40ರಿಂದ 50 ಕಿಲೋ. ಹತ್ತು ಕಿಲೋ ಹಸಿ ಸಗಣಿಯಲ್ಲಿರುವುದು ಐವತ್ತು ಗ್ರಾಂ ಆಸುಪಾಸು. ಉಳಿದದ್ದು ಎಲ್ಲಿಂದ ಬರಬೇಕು? ಜೀವಾಮೃತವನ್ನು ಗೊಬ್ಬರವೆಂದು ತಿಳಿದಾಗಲೇ ಈ ಪ್ರಶ್ನೆ ಏಳುತ್ತದೆ ಎಂಬುದು ನನ್ನ ಉತ್ತರವಾಗಿತ್ತು. ಅದು ಹಾಲಿಗೆ ಹಾಕುವ ಹೆಪ್ಪಿನಂಥದ್ದು, ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರಿಗೆ ಕಾಯುವಂತಿಲ್ಲ. ಮಣ್ಣಿನಲ್ಲಿ ಕೊಳೆಯುವ ಸೊಪ್ಪು, ತರಗು, ದ್ವಿದಳ ಬೆಳೆಯ ಬೇರು ಇದ್ದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಪೈರಿಗೆ ಒದಗುವಂತೆ ಮಾಡುತ್ತವೆ. ಹೊದಿಕೆಯನ್ನೂ ಮಿಶ್ರಬೆಳೆಯನ್ನೂ ಪಾಳೇಕರರು ಅಷ್ಟೇ ಒತ್ತಿ ಹೇಳಿದ್ದಾರೆ. ಆದರೆ ಡ್ರಮ್ಮಿನಲ್ಲಿ ಕಲಸುವುದು ಸುಲಭವಾದ್ದರಿಂದ ಅದೊಂದು ಉಳಿದು ಮಿಕ್ಕವು ಹಲವು ಕಡೆ ಜಾರಿಹೋದವು. ಗೆಳೆಯರು ಇದಕ್ಕೆ ಅರ್ಧ ಮಾತ್ರ ಒಪ್ಪಿದರು. ಗೊಬ್ಬರದ ಸೊಪ್ಪು ಬೆಳೆಯುವುದಕ್ಕೆ ನೀರು ಬೇಕಲ್ಲ, ಅದು ಯಾರ ಕೈಯಲ್ಲಿದೆ ನೋಡೋಣ ಬನ್ನಿ ಎಂದು ಮಾತು ಮುಗಿಸಿದರು.

ಶುಕ್ರವಾರ, ಬನ್ನೂರು, ಕಿರುಗಾವಲು, ಮಳವಳ್ಳಿ

ಮೈಸೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬನ್ನೂರು ದಾಟುವಾಗ ಕೊಯ್ಲಾದ ಗದ್ದೆಯೊಂದರಲ್ಲಿ ಕುರಿ ಮಂದೆ ಇಳಿದಿತ್ತು. ಈ ಸೀಮೆಯ ಹೆಸರಾಂತ ಬಂಡೂರು ಕುರಿಗಳಲ್ಲ ಇವು. ಬಯಲುಸೀಮೆಯ ಕಡೆಯಿಂದ ಮೇಯಿಸಿಕೊಂಡು ಬಂದ ಉದ್ದ ಕಾಲಿನ ಕರಿ ಕುರಿಗಳು. ಹಗಲು ಕೂಳೆ ಮೇಯ್ದು ರಾತ್ರಿ ಬಲೆಯೊಳಗೆ ಮಲಗುವ ಮಂದೆ, ಮರುರಾತ್ರಿ ಪಕ್ಕದ ತಾಕಿಗೆ ಸರಿಯುತ್ತದೆ. ಹಿಕ್ಕೆ ಮತ್ತು ಗಂಜಲ ಎರಡೂ ನೇರವಾಗಿ ಮಣ್ಣಿಗೆ ಸೇರುವುದರಿಂದ ಗೊಬ್ಬರವನ್ನು ಹೊತ್ತು ಹರಡುವ ಕೂಲಿಯೇ ಇಲ್ಲ. ಮಂದೆ ನಿಲ್ಲಿಸಿದ್ದಕ್ಕೆ ಕುರಿಗಾಹಿಗಳಿಗೆ ಗದ್ದೆಯವರು ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಆದರೆ ಕೊಯ್ಲಿನ ಯಂತ್ರ ಬಂದು ಹೋದ ಮರುದಿನವೇ ಟ್ರ್ಯಾಕ್ಟರ್ ಇಳಿಸುವ ಊರಿನಲ್ಲಿ, ಇಲ್ಲವೆ ಒಬ್ಬನ ಗದ್ದೆ ಖಾಲಿಯಾಗಿ ಅಕ್ಕಪಕ್ಕದವರದು ಇನ್ನೂ ನಿಂತಿರುವ ಊರಿನಲ್ಲಿ ಮಂದೆಗೆ ಜಾಗವಿಲ್ಲ. ಕುರಿ ಬದು ನೋಡಿ ನಿಲ್ಲುವ ಪ್ರಾಣಿಯಲ್ಲ. ಇಡೀ ಬಯಲು ಒಟ್ಟಿಗೆ ಬಿಡುವಾದರೆ ಮಾತ್ರ ಈ ಪದ್ಧತಿ ನಡೆಯುತ್ತದೆ.

ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಕಾಪಾಡಿಕೊಂಡು ಬಂದಿರುವ ಭತ್ತದ ತಳಿಗಳನ್ನು ನೋಡದೆ ಈ ದಾರಿಯಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಟಿಪ್ಪುವಿನ ಕಾಲದ್ದೆಂದು ಹೇಳುವ ಬಡಾ ಬಾಗ್ ಮಾವಿನ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದ್ದರೆ, ಗದ್ದೆಯಲ್ಲಿ ಹಲವು ನೂರು ಬಗೆಯ ಭತ್ತವಿದೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ, ಜೀರಿಗೆ ಸಣ್ಣ, ಎಲೆಯೂ ತೆನೆಯೂ ನೇರಳೆಗಪ್ಪಾದ ಬರ್ಮಾ ಬ್ಲ್ಯಾಕ್, ಹೀಗೆ ಸಣ್ಣ ಸಣ್ಣ ಮಡಿಗಳಲ್ಲಿ ಅವು ಅಕ್ಕಪಕ್ಕ ಬೆಳೆಯುವುದನ್ನು ನೋಡಿದರೆ ಭತ್ತ ಎಂಬ ಏಕವಚನವೇ ಸಡಿಲವಾಗುತ್ತದೆ.

ಈ ಹಳೆಯ ತಳಿಗಳನ್ನು ಬರೀ ಅಭಿಮಾನದಿಂದ ಹೊಗಳುವವರು ಹೇಳದೆ ಬಿಡುವ ಸಂಗತಿಯೊಂದಿದೆ. ಇವುಗಳಲ್ಲಿ ಬಹುಪಾಲು ಎತ್ತರಕ್ಕೆ ಬೆಳೆಯುವಂಥವು. ಯೂರಿಯಾ ಕೊಟ್ಟರೆ ಹುಲುಸಾಗಿ ಎದ್ದು, ತೆನೆಯ ಭಾರಕ್ಕೆ ನೆಲಕ್ಕೆ ಮಲಗುತ್ತವೆ. ಆದ್ದರಿಂದ ಯೂರಿಯಾ ಹಾಕದಿರುವುದು ಇಲ್ಲಿ ವ್ರತವೇನಲ್ಲ, ತಳಿಯ ಸ್ವಭಾವವೇ ಅದನ್ನು ಬೇಡುತ್ತದೆ. ಮೇವಿಗೆ ಹುಲ್ಲು ಹೆಚ್ಚು ಸಿಗುತ್ತದೆ, ಕಾಳು ಕಡಿಮೆ. ಇನ್ನು ರಾಜಮುಡಿ ಸುಮಾರು ಐದು ತಿಂಗಳ ಬೆಳೆ. ಜುಲೈ ಕೊನೆಗೆ ನಾಲೆಗೆ ನೀರು ಬಿಟ್ಟರೆ ಡಿಸೆಂಬರಿನವರೆಗೂ ಅದು ನೀರನ್ನು ನಂಬಿಕೊಂಡಿರಬೇಕು; 2023ರಂಥ ಬರದ ವರ್ಷದಲ್ಲಿ ಆ ನಂಬಿಕೆ ಎಷ್ಟು ದೂರ ಬರುತ್ತದೆಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಳವಳ್ಳಿಯ ಆಚೆ ನಾಲೆಯ ನೀರು ಹತ್ತದ ದಿಣ್ಣೆಗಳಲ್ಲಿ ಚಿತ್ರವೇ ಬೇರೆ. ರಾಗಿ ಕೊಯ್ದು ಗುಡ್ಡೆ ಹಾಕಿದ್ದರೂ ಹೊಲ ಖಾಲಿಯಾಗಿರಲಿಲ್ಲ. ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಹೂವು ಬಿಟ್ಟಿತ್ತು, ತೊಗರಿ ಕಾಯಿ ಕಟ್ಟುತ್ತಿತ್ತು, ಅಂಚಿನಲ್ಲಿ ಹರಳು, ನಡುನಡುವೆ ಹಳದಿ ಹುಚ್ಚೆಳ್ಳು. ರಾಗಿಯ ಬೇರು ಮೇಲುಮಣ್ಣಿನಲ್ಲಿ, ತೊಗರಿಯ ಬೇರು ಅದರ ಬಹಳ ಕೆಳಗೆ. ಮಳೆ ಕೈಕೊಟ್ಟ ವರ್ಷ ಒಂದು ಹೋದರೆ ಇನ್ನೊಂದು ನಿಲ್ಲುತ್ತದೆ, ಬಿದ್ದ ಅವರೆ ಸೊಪ್ಪು ಮುಂದಿನ ರಾಗಿಗೆ ಗೊಬ್ಬರವಾಗುತ್ತದೆ. ಹೊಲದ ಒಡತಿ ನಮಗೆ ಸೊಗಡಿನ ಅವರೆಕಾಯಿ ಬಿಡಿಸಿಕೊಡುತ್ತ, ಔಷಧಿ ಹೊಡೆಯುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಇದ್ಕೆ ಯಾರಪ್ಪಾ ಔಸ್ದಿ ಹೊಡೀತಾರೆ, ಕಾಸ್ ಹೆಚ್ಚಾಗದಾ ನಮ್ಗೆ?" ಎಂದು ನಕ್ಕರು. ಯಾವ ಪ್ರಮಾಣಪತ್ರವೂ ಇಲ್ಲದ ಈ ಹೊಲ, ಸಾವಯವ ಎಂದು ಫಲಕ ಹಾಕಿಕೊಂಡ ಎಷ್ಟೋ ತೋಟಗಳಿಗಿಂತ ಸಾವಯವವಾಗಿತ್ತು. ಆಕೆಯ ಅವರೆಕಾಯಿಗೆ ಸಂತೆಯಲ್ಲಿ ಸಿಗುವ ಬೆಲೆ ಮಾತ್ರ ಎಲ್ಲರದಕ್ಕೆ ಸಿಗುವಷ್ಟೇ.

ಶನಿವಾರ, ಮಂಡ್ಯ

ವಿ.ಸಿ. (ವಿಶ್ವೇಶ್ವರಯ್ಯ ಕೆನಾಲ್) ಫಾರಂ ಎಂದೇ ಎಲ್ಲರೂ ಕರೆಯುವ ವಲಯ ಕೃಷಿ ಸಂಶೋಧನಾ ಕೇಂದ್ರದ ಹೆಸರಿನಲ್ಲಿಯೇ ಮಂಡ್ಯದ ಬೇಸಾಯದ ಇತಿಹಾಸವಿದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ನೀರು ಹುಲಿಕೆರೆಯ ಸುರಂಗದ ಮೂಲಕ ಇರ್ವಿನ್ ನಾಲೆಯಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯಾಗಿ ಈ ಒಣಸೀಮೆಗೆ ಇಳಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಕಾರ್ಖಾನೆಯ ಹಿಂದೆ ಆಗಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ದುಡಿಮೆ ಇತ್ತು. ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು ಈ ಫಾರಂನಲ್ಲಿ, 1996ರ ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತವೂ ಇಲ್ಲಿಂದಲೇ ಹೊರಬಂದದ್ದು. ಇಳುವರಿಯನ್ನು ಹೆಚ್ಚಿಸಿದವರನ್ನು ಈಗ ದೂರುವುದು ಸುಲಭ. ರಾಗಿ ಇಲ್ಲದೆ ಗೆಡ್ಡೆ ಸೊಪ್ಪು ಬೇಯಿಸಿ ತಿಂದ ವರ್ಷಗಳನ್ನು ಕಂಡ ಮನೆಗಳಲ್ಲಿ ಇಂಡಾಫ್ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ.

ನನ್ನ ಕುತೂಹಲ ಕೆರಳಿಸಿದ್ದು ತಳಿಗಿಂತ ಹೆಚ್ಚಾಗಿ ನಾಲೆಯ ಮೂಲ ಯೋಜನೆ. ಬಾಂಬೆ ಪ್ರಾಂತ್ಯದ ನೀರಾ ಕಾಲುವೆಗಾಗಿ ವಿಶ್ವೇಶ್ವರಯ್ಯನವರು ರೂಪಿಸಿದ ಬ್ಲಾಕ್ ಪದ್ಧತಿಯನ್ನು ಇಲ್ಲಿಯೂ ತರಲಾಗಿತ್ತು. ಒಂದು ಉಪನಾಲೆಯ ಕೆಳಗಿನ ಜಮೀನನ್ನು ಪಾಲುಗಳಾಗಿ ವಿಂಗಡಿಸಿ, ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ರಾಗಿಯಂಥ ಅರೆನೀರಾವರಿ ಬೆಳೆ, ಸರದಿಯ ಮೇಲೆ ಬದಲಾಗುತ್ತಿರಬೇಕು. ನೀರನ್ನು ಹಂಚಲು ಮಾಡಿದ ಈ ಏರ್ಪಾಟು ಮಣ್ಣಿಗೂ ಬಿಡುವು ಕೊಡುತ್ತಿತ್ತು. ಅದು ಕಾಗದದಲ್ಲಿ ಉಳಿದು, ಎಲ್ಲರೂ ಎಲ್ಲ ಕಡೆಯೂ ಭತ್ತ ಮತ್ತು ಕಬ್ಬನ್ನೇ ಹಾಕಿದಾಗ ಮೇಲುಭಾಗದ ಗದ್ದೆಗಳು ಜೌಗಾದವು, ತಗ್ಗಿನವು ಚೌಳಾದವು, ಕೊನೆಯಂಚಿನವು ಒಣಗಿದವು.

ಸಂಜೆ ಒಂದು ಆಲೆಮನೆಯಲ್ಲಿ ಕೂತಿದ್ದೆವು. ಬೆಳ್ಳಗಿನ ಅಚ್ಚುಬೆಲ್ಲಕ್ಕೆ ಬೇಡಿಕೆ ಇರುವುದರಿಂದ ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಬೀಳುವುದು ಗುಟ್ಟೇನಲ್ಲ. ಈ ಆಲೆಮನೆಯವರು ಅದನ್ನು ಬಿಟ್ಟು ಬೆಂಡೆಗಿಡದ ಲೋಳೆಯಲ್ಲಿ ಕಬ್ಬಿನ ಹಾಲಿನ ಕಲ್ಮಶ ತೆಗೆಯುತ್ತಿದ್ದರು. ಕಂದು ಬೆಲ್ಲವನ್ನು ಬೆಂಗಳೂರಿನ ಅಂಗಡಿಗಳು ಕೇಳಿ ಕೊಳ್ಳುತ್ತವೆ, ಮಂಡ್ಯದ ಮಾರುಕಟ್ಟೆ ಈಗಲೂ ಬಣ್ಣಕ್ಕೇ ಬೆಲೆ ಕಟ್ಟುತ್ತದೆ. ಕಬ್ಬಿನ ಬೇಸಾಯದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದದ್ದು ತರಗು ಸುಡುವ ಅಭ್ಯಾಸ ಎಂದು ನನಗೆ ತೋರುತ್ತದೆ. ಎಕರೆಗೆ ಮೂರ್ನಾಲ್ಕು ಟನ್ ತರಗನ್ನು ಸಾಲುಬಿಟ್ಟು ಸಾಲಿಗೆ ಹೊದಿಸಿದರೆ ಕೂಳೆ ಕಬ್ಬಿಗೆ ಕಳೆಯ ಕಾಟವೂ ನೀರಿನ ಬಾಯಾರಿಕೆಯೂ ತಗ್ಗುತ್ತವೆ. ಹಾವು, ಇಲಿಯ ಭಯ ಮತ್ತು ಆಳಿನ ಕೊರತೆಯಿಂದ ಕಡ್ಡಿ ಗೀರುವವರೇ ಹೆಚ್ಚು.

ಭಾನುವಾರ, ಮದ್ದೂರು ತಾಲ್ಲೂಕು

ವಿ.ಸಿ. ನಾಲೆಯ ಉಪನಾಲೆಯೊಂದರ ಕೆಳಭಾಗದಲ್ಲಿ, ಒಂದೇ ತೂಬಿನಿಂದ ನೀರು ಕುಡಿಯುವ ಗದ್ದೆಗಳ ಬಯಲಿಗೆ ಗೆಳೆಯರು ಕರೆದುಕೊಂಡು ಹೋದರು. ಇಲ್ಲಿ ಗದ್ದೆಗೊಂದು ಕಾಲುವೆ ಇಲ್ಲ. ತೂಬಿನ ನೀರು ಮೊದಲ ಗದ್ದೆಗೆ ಬಿದ್ದು, ಅದು ತುಂಬಿ ಬದುವಿನಲ್ಲಿ ನೀರು ಹೊರಬೀಳುವ ಮಡವಾಯಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೀಗೆ ಇಳಿಯುತ್ತ ಹಳ್ಳ ಸೇರುತ್ತದೆ. ನಡುವಿನ ಒಂದೂವರೆ ಎಕರೆಯಲ್ಲಿ ದಂಪತಿ ಕೆಲವು ವರ್ಷಗಳಿಂದ ರಾಸಾಯನಿಕವಿಲ್ಲದೆ ಭತ್ತ ಬೆಳೆಯುತ್ತಿದ್ದಾರೆ. ಪೈರು ಬಂಗಾರದ ಬಣ್ಣಕ್ಕೆ ತಿರುಗಿ ಕೊಯ್ಲಿಗೆ ಸಿದ್ಧವಾಗಿತ್ತು. ಮೇಲಿನ ಗದ್ದೆಯ ಪೈರು ಇನ್ನೂ ಕಡುಹಸಿರಾಗಿ, ಅಲ್ಲಲ್ಲಿ ಕಂದು ಜಿಗಿಹುಳು ಬಿದ್ದು ಸುಟ್ಟ ತೇಪೆಗಳಂತೆ ಒಣಗಿತ್ತು. ಯೂರಿಯಾ ಹೆಚ್ಚಾದಲ್ಲಿ ಈ ಹುಳುವೂ ಬೆಂಕಿರೋಗವೂ ಹೆಚ್ಚು ಎಂಬುದನ್ನು ಪುಸ್ತಕದಲ್ಲಿ ಓದಿದ್ದವರು ಈ ಬದುವಿನ ಮೇಲೆ ನಿಂತು ಎರಡೂ ಕಡೆ ನೋಡಬಹುದಿತ್ತು.

"ನಾವ್ ಹಾಕ್ದಿದ್ರೂ ಮೇಲ್ನೋರ್ ಹಾಕಿದ್ದು ಹರ್ಕಂಡ್ ಬತ್ತದೆ ಕಣಣ್ಣಾ" ಎಂದರು ಗದ್ದೆಯೊಡೆಯ. ಯೂರಿಯಾ ಮಾತ್ರವಲ್ಲ, ನಾಟಿಯಾದ ವಾರದೊಳಗೆ ಎರಚುವ ಕಳೆನಾಶಕವೂ ಮಡವಾಯಿಯಿಂದ ಇಳಿದು ಬರುತ್ತದೆ. ಪ್ರಮಾಣೀಕರಣದ ನಿಯಮದಂತೆ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ, ಜೊತೆಗೆ ನೆರೆಯ ಹೊಲದಿಂದ ರಾಸಾಯನಿಕ ಸೇರದಂತೆ ತಡೆ ಇರಬೇಕು. ಮೇಲಿನವನ ನೀರನ್ನು ಬೇಡವೆನ್ನುವ ಅಧಿಕಾರ ಕೆಳಗಿನವನಿಗಿಲ್ಲದ ಬಯಲಿನಲ್ಲಿ ಈ ತಡೆಯನ್ನು ಕಟ್ಟುವುದು ಹೇಗೆ? ಸಾವಯವಕ್ಕೆ ಬಾ ಎಂದು ಒಬ್ಬೊಬ್ಬ ರೈತನನ್ನು ಕರೆಯುವ ಶಿಬಿರ, ಸಹಾಯಧನ, ಪ್ರಶಸ್ತಿಗಳೆಲ್ಲ ಹೊಲದ ಪಹಣಿಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಮಂಡ್ಯದ ನೀರಾವರಿ ಬಯಲಿನಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ತೂಬನ್ನು ಎಂಬುದು ಹುಣಸೂರಿನಿಂದ ಇಲ್ಲಿಯವರೆಗೆ ಬರುವಷ್ಟರಲ್ಲಿ ನನಗೆ ಖಚಿತವಾಗಿತ್ತು.

ಗೆಳೆಯರು ಗುರುವಾರ ಎತ್ತಿದ ಹಸಿರೆಲೆ ಗೊಬ್ಬರದ ಪ್ರಶ್ನೆಗೂ ಇದೇ ಬಯಲು ಉತ್ತರಿಸಿತು. ಅಪ್ಸೆಣಬನ್ನೋ ಡಯಾಂಚವನ್ನೋ ಎಕರೆಗೆ ಹತ್ತು ಹನ್ನೆರಡು ಕಿಲೋ ಬಿತ್ತಿ, ನಲವತ್ತೈದು ದಿನಕ್ಕೆ ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ 25ರಿಂದ 30 ಕಿಲೋ ಸಾರಜನಕ ಸಿಗುತ್ತದೆ. 45 ಕಿಲೋ ತೂಗುವ ಒಂದು ಚೀಲ ಯೂರಿಯಾದಲ್ಲಿರುವುದು ಸುಮಾರು 20 ಕಿಲೋ. ಆ ಚೀಲ ಸರ್ಕಾರದ ಸಹಾಯಧನದಿಂದಾಗಿ 266 ರೂಪಾಯಿ 50 ಪೈಸೆಗೆ ಅಂಗಡಿಯಲ್ಲಿದೆ. ಡಯಾಂಚಕ್ಕೆ ಬೀಜ, ಉಳುಮೆ, ಒಂದೂವರೆ ತಿಂಗಳ ಗದ್ದೆ ಮತ್ತು ಹಸಿ ಬೇಕು. ಜುಲೈನಲ್ಲಿ ನಾಟಿಯಾಗಬೇಕಾದರೆ ಮೇ ತಿಂಗಳಲ್ಲಿ ಬಿತ್ತಬೇಕು, ನಾಲೆ ಆಗ ಒಣಗಿರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ನಂಬಿ ಬಿತ್ತುವುದು, ಮಳೆ ತಪ್ಪಿದರೆ ಬೀಜ ಕಳೆದುಕೊಳ್ಳುವುದು. ಮೇ ತಿಂಗಳಲ್ಲಿ ಒಂದೇ ಒಂದು ಕಟ್ಟು ನೀರು ಬಿಟ್ಟರೆ ಇಡೀ ಬಯಲು ಹಸಿರೆಲೆ ಬೆಳೆದುಕೊಳ್ಳಬಹುದು ಎಂದು ಈ ಊರಿನವರು ಕೇಳುತ್ತಿದ್ದಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೆ.ಆರ್.ಎಸ್.ನಲ್ಲಿ ಲೆಕ್ಕ ಹಾಕುವಾಗ ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟವೆಂದು ಅವರಿಗೂ ಗೊತ್ತು; ಕಟ್ಟೆ 124.80 ಅಡಿಗೆ ತುಂಬಿ ನೀರು ಉಳಿದ ವರ್ಷವಾದರೂ ಕೊಡಿ ಎಂಬುದು ಅವರ ಕೋರಿಕೆ.

ಮಧ್ಯಾಹ್ನ ನೀರು ಬಳಕೆದಾರರ ಸಹಕಾರ ಸಂಘದ ಜಗುಲಿಯಲ್ಲಿ ತೂಬಿನ ಕೆಳಗಿನ ಮನೆಗಳವರು ಸೇರಿದ್ದರು. ಐದು ಜನ ಸೇರಿದರೂ ಸಾಕು, ಸಹಭಾಗಿತ್ವ ಖಾತರಿ ಪದ್ಧತಿಯಲ್ಲಿ ಗುಂಪಾಗಿ ನೋಂದಾಯಿಸಿಕೊಂಡು ಒಬ್ಬರ ಗದ್ದೆಯನ್ನು ಇನ್ನೊಬ್ಬರು ಪರಿಶೀಲಿಸಿ ಪ್ರಮಾಣೀಕರಿಸಬಹುದೆಂದು ಗೆಳೆಯರು ವಿವರಿಸಿದರು. ಬರಲು ಒಪ್ಪಿದವರ ಗದ್ದೆಗಳು ಒಂದರ ಕೆಳಗೊಂದು ಇದ್ದವು. ಒಪ್ಪದವರೆಂದರೆ ತೂಬಿನ ಬಾಯಲ್ಲೇ ಗದ್ದೆಯಿರುವ ಹಿರಿಯರು. ಅವರೇನೂ ಹಟಮಾರಿಯಲ್ಲ, ಮಗನ ಸಾಲಕ್ಕೆ ಕಬ್ಬಿನ ಹಣವೇ ಆಧಾರ, ಎರಡು ವರ್ಷ ಇಳುವರಿ ಇಳಿದರೆ ತುಂಬಿಕೊಡುವವರು ಯಾರು ಎಂದು ನೇರವಾಗಿ ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. ಆಗ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಒಂದು ದಾರಿ ಸೂಚಿಸಿದ: ಹಿರಿಯರ ಗದ್ದೆಯೊಳಗೆ ಹಾಯಿಸದೆ ಅದನ್ನು ಸುತ್ತಿಕೊಂಡು, ಬದುವಿನ ಪಕ್ಕದಲ್ಲಿ ಎರಡಡಿ ಅಗಲದ ಕಾಲುವೆ ತೆಗೆದರೆ ತೂಬಿನ ನೀರು ನೇರವಾಗಿ ಕೆಳಗಿನವರಿಗೆ ಇಳಿಯುತ್ತದೆ, ಹಿರಿಯರ ಗದ್ದೆಯ ಬಸಿನೀರಿಗೆ ಬೇರೆ ಬಸಿಗಾಲುವೆ ಮಾಡಿಕೊಡಬೇಕು.

ಎರಡಡಿ ಯಾರ ಜಮೀನಿನಿಂದ ಹೋಗಬೇಕೆಂಬುದರ ಮೇಲೆ ಮಾತು ಬಿಸಿಯೇರಿತು. ಹಿರಿಯರು ಒಂದಡಿಗೆ ಒಪ್ಪಿದರು, ಪಕ್ಕದವರು ತಮ್ಮ ತೆಂಗಿನ ಸಾಲು ಕಡಿಯುವುದಿಲ್ಲವೆಂದು ನಿಂತರು. ನಾವು ಮದ್ದೂರಿನ ಬಸ್ಸು ಹಿಡಿಯಲು ಎದ್ದಾಗ ನೀರುಗಂಟಿಯು ಹಗ್ಗ ಮತ್ತು ಗೂಟಗಳೊಂದಿಗೆ ಬದುವಿನ ಕಡೆ ಹೊರಟಿದ್ದ. ತೆಂಗಿನವರು ಅಳತೆ ಮಾತ್ರ ಆಗಲಿ, ಗುದ್ದಲಿ ಬೇಡ ಎಂದು ಹೇಳುತ್ತ ಅವನ ಹಿಂದೆಯೇ ನಡೆದಿದ್ದರು.